ಒಂಬತ್ತು ಡಬ್ಬಿ, ಒಂದ ಬಾಯಿ

ನಾ ನನ್ನಷ್ಟಕ್ಕ ನಾ ಕಟ್ಟಿ ಮ್ಯಾಲ ಕುಂತು ಜ್ವಾಳ ಹಸನ ಮಾಡ್ಕೋತ ಇರ್ತೀನ್ರಿ, ಫಜೀತಿ ಅನ್ನೋದು ಓಣ್ಯಾಗಿನ ಎಲ್ಲಾ ಮನಿ ಬಿಟ್ಟು ನಮ್ಮ ಮನಿ ಮುಂದನ ಬಂದು ನಿಂದ್ರತದ. ನನ್ನ ಗಂಡ ಅಂತಾನ, "ಅದು ತಾನಾಗಿ ಬರಂಗಿಲ್ಲ, ನೀ ಕೂಗಿ ಕರೀತಿ." ಇರಬಹುದು. ಈ ವರ್ಷಂತೂ ಬಾಜೂ ಮನಿ ಹುಡುಗಿ ಡಾಕ್ಟರೇಟಿನಾಗ ಬಾಯಿ ಹಾಕಿ ನಾ ಮಾಡ್ಕೊಂಡ ಫಜೀತಿ ಎಣಿಸಿದ್ರ ಒಂದ ಕೈ ಬೆರಳು ಸಾಲಂಗಿಲ್ಲ. ಬ್ಯಾರೆಯವ್ರು ಹೇಳಿದ್ರ ಉಪ್ಪು ಖಾರ ಹೆಚ್ಚಾಗ್ತದ. ಅದಕ್ಕ ನಾನ ಹೇಳ್ತೀನಿ.

ಇಪ್ಪತ್ತೆರಡನೇತ್ತ

ಶಹಾಪುರದಾಗ ನಮ್ಮ ಮನಿಗೂ ಮಾಸ್ತರ ಮನಿಗೂ ನಡುವ ಒಂದ ಗ್ವಾಡಿ. ಮಾಸ್ತರು ಅಂದ್ರ ರಿಟೈರ್ ಆದ ಸಾಲಿ ಮಾಸ್ತರು. ನಾ ಆರನೇತ್ತದಾಗ ಸಾಲಿ ಬಿಟ್ಟಾಗ ಅವರ ನನ್ನ ಮಾಸ್ತರಿದ್ರು. ಅವ್ರಿಗಿ ಒಬ್ಬಾಕಿ ಮಗಳು. ಕಂಪ್ಯೂಟರ್‌ದಾಗ ಡಾಕ್ಟರೇಟ್ ಮಾಡಾಕತ್ತಾಳ. ಡಾಕ್ಟರೇಟ್ ಅಂದ್ರ ಸೂಜಿ ಮಾಡೋ ಡಾಕ್ಟರ್ ಅಲ್ಲ ಅಂತ ನನಗ ಗೊತ್ತದ, ಅಷ್ಟ ಶಾಣ್ಯಾಕಿ ಇದ್ದೀನಿ.

ದಸರಾಕ್ಕ ಬಂದಾಕಿ ವಾಪಸ್ ಹೋಗ್ಲಿಲ್ಲ. ಮಾಳಗಿ ಮ್ಯಾಲಿನ ಖೋಲ್ಯಾಗ ಕಂಪ್ಯೂಟರ್ ಇಟ್ಕೊಂಡು ಕುಂತುಬಿಟ್ಳು. ಒಂದಿನ ನಳದ ಹತ್ರ ಸಿಕ್ಕಾಗ ಕೇಳಿದೆ.

"ಯವ್ವಾ, ನೀ ಈಗ ಎಷ್ಟನೇತ್ತ?"

"ಅತ್ತಿ, ಅದಕ್ಕ ಎಷ್ಟನೇತ್ತ ಅಂತ ಇರಂಗಿಲ್ಲ."

"ಇರಲಾರದ ಹ್ಯಾಂಗ? ಮೊದಲ ಹತ್ತು, ಮುಂದ ಎರಡು, ಇಂಜಿನಿಯರಿಂಗ್ ನಾಕು, ಮತ್ತ ಎರಡು, ಈಗ ನಾಕು. ಇಪ್ಪತ್ತೆರಡನೇತ್ತ ಆತಲ್ಲ."

"ಹಂಗಂದ್ರ ಹಂಗ."

"ಪಾಸ್ ಯಾವಾಗ?"

ಆಕಿ ಅರ್ಧ ತುಂಬಿದ ಕೊಡ ಎತ್ಕೊಂಡು ನಡದ್ಳು. ಡಾಕ್ಟರೇಟ್ ಮಾಡೋರಿಗಿ ಹೊಟ್ಟಿ, ಹಣಿಬಾರ, ಏನ್ ಬೇಕಾದ್ದು ಕೇಳಬಹುದಂತ, ಪಾಸ್ ಯಾವಾಗ ಅಂತ ಒಂದ ಕೇಳಬಾರದಂತ. ಹಿಂದಾಗಡಿ ಗೊತ್ತಾತು. ಆರನೇತ್ತದಾಗ ನನಗೂ ಅದ ಪ್ರಶ್ನಿಗಿ ಸಿಟ್ಟ ಬರ್ತಿತ್ತು. ಅಷ್ಟರ ಮಟ್ಟಿಗಿ ಇಬ್ರೂ ಒಂದ.

ಆಕಿ ಕೆಲಸ ಏನಂದ್ರ, ನಮ್ಮ ಕಡಿ ಮಂದಿ ಮಾತಾಡಿದ್ದನ್ನ ಕೇಳಿ ಬರಕೊಳ್ಳೋ ಮಷೀನ್ ತಯಾರ ಮಾಡೋದು. ಶೆಹರ್ ಮಂದಿ ಕನ್ನಡ ಮಷೀನಿಗಿ ಬರ್ತದಂತ. ನಮ್ಮ ಯಾದಗಿರಿ ಕಡಿ ಹೆಣಮಕ್ಕಳು ಬಾಯಿ ತೆರದ್ರ ಅದು ಕೈಕಾಲ ಚೆಲ್ಲಿ ಮಲಗ್ತದಂತ. ಅದಕ್ಕ ನಮ್ಮ ಮಾತು ಕಲಸಬೇಕು, ಕಲಸಿದ್ದು ಪುಸ್ತಕ ಬರದು ಕೊಡಬೇಕು, ಆಗ ಡಾಕ್ಟರೇಟು.

ಇಷ್ಟರಾಗ ಹೈದರಾಬಾದಿನ ಒಂದ ಕಂಪನಿಯಿಂದ ಪತ್ರ ಬಂತು. ಉಗಾದಿಗಿ ಬಂದು ಹಾಜರಾಗು, ಡಾಕ್ಟರೇಟ್ ಇದ್ರೂ ಬರಬಹುದು, ಇರದಿದ್ರೂ ಬರಬಹುದು. ಮಾಸ್ತರು ಅಂದ್ರು, "ಇರದಿದ್ರೂ ನಡೀತದ ಅಂತ ಅವರ ಬರದಾರ. ಓದು ಬಿಡು, ನೌಕರಿ ಹಿಡಿ." ಹುಡುಗಿ ಅಂದ್ಳು, "ನಾಕ ವರ್ಷ ತಿದ್ದಿದ್ದನ್ನ ಅರ್ಧಕ್ಕ ಬಿಡಂಗಿಲ್ಲ." ನಡುವ ಆಕಿ ಅವ್ವ ಒಣಗಾಕತ್ತಿದ್ಳು. ನನ್ನ ಹತ್ರ ಬಂದು ಅಂದ್ಳು, "ಅಕ್ಕಾ, ಕಂಪನ್ಯಾಗ ಈ ಡಾಕ್ಟರೇಟಿಗಿ ಕಿಮ್ಮತ್ತ ಅದನೋ ಇಲ್ಲೋ, ಸ್ವಲ್ಪ ವಿಚಾರಿಸಿ ಹೇಳು. ನಿನಗ ಎಲ್ಲಾ ಊರಾಗೂ ಮಂದಿ ಗೊತ್ತಿದ್ದಾರ."

ನೋಡ್ರಿ, ಇಪ್ಪತ್ತೆರಡನೇತ್ತ ಓದಿದಾಕಿ ಭವಿಷ್ಯ ಆರನೇತ್ತ ಬಿಟ್ಟಾಕಿ ಕೈಯಾಗ ಬಂತು.

ಯಾದಗಿರಿಗಿ ಹೋದದ್ದು

ಮೊದಲ ಯಾದಗಿರಿ ಬಸ್ ಹತ್ತಿದೆ. ಅಲ್ಲಿ ನನ್ನ ತಂಗಿ ಅಳಿಯ ಇದ್ದಾನ. ಮನ್ಯಾಗ ಕುಂತ ಕಂಪನಿ ಕೆಲಸ ಮಾಡ್ತಾನ. ಮ್ಯಾಲ ಇಸ್ತ್ರಿ ಅಂಗಿ, ಕೆಳಗ ಲುಂಗಿ. ಕಂಪ್ಯೂಟರಿಗಿ ಅಂಗಿ ತನ ಅಷ್ಟ ಕಾಣ್ತದಂತ.

"ಏನಪಾ, ನಿಮ್ಮ ಕಂಪನ್ಯಾಗ ಡಾಕ್ಟರೇಟ್ ಆದವ್ರಿಗಿ ಏನರ ಫರಕ್ ಅದನು?" ಅಂತ ಕೇಳಿದೆ.

"ಯಾರೂ ಕೇಳಂಗಿಲ್ಲ ಅತ್ತಿ. ಕೆಲಸ ಬಂದ್ರ ಸಾಕು. ನನಗ ಡಾಕ್ಟರೇಟ್ ಅದನು? ನಡದಿಲ್ಲೇನು?"

"ಅಂದ್ರ ಅಂಥವ್ರು ಯಾರೂ ಇಲ್ಲ?"

"ಒಬ್ರ ಅದಾರ. ನಮ್ಮ ಮ್ಯಾಲಿನವ್ರು."

"ಅವ್ರೇನ್ ಮಾಡ್ತಾರ?"

ಆತ ತಲಿ ಕೆರ್ಕೊಂಡ. "ನಾವು ದಿನಪೂರ್ತಿ ಏನರ ಮಾಡ್ತೀವಿ. ಅವ್ರು ಸಂಜಿಮುಂದ ಬಂದು, ಇದು ಯಾಕ ಹಿಂಗಾತು, ಅದು ಯಾಕ ಹಂಗಾಗ್ಲಿಲ್ಲ, ನಿನ್ನಿ ಸರಿ ಇದ್ದದ್ದು ಇವತ್ತ ಯಾಕ ಕೆಟ್ಟದ ಅಂತ ಕೇಳ್ತಾರ. ಉತ್ತರ ಸಿಗೋತನ ಬಿಡಂಗಿಲ್ಲ."

"ಅದಕ್ಕ ಪಗಾರ ಕೊಡ್ತಾರ?"

"ನಮ್ಮೆಲ್ಲರಕಿಂತ ಜಾಸ್ತಿ."

ನಾ ಚಹಾ ಬಸಿ ಕೆಳಗಿಟ್ಟೆ. ಯಾರ ಮನ್ಯಾಗ ಏನಾತು, ಯಾಕಾತು, ನಿನ್ನಿ ನಕ್ಕೋತ ಇದ್ದಾಕಿ ಇವತ್ತ ಯಾಕ ಮಾರಿ ಊದಿಸ್ಕೊಂಡಾಳ, ಇದನ್ನ ನಾ ಇಪ್ಪತ್ತೈದ ವರ್ಷದಿಂದ ಮಾಡಾಕತ್ತೀನಿ. ಬಿಟ್ಟೀ ಮಾಡಾಕತ್ತೀನಿ. ಒಳಗಿಂದ ತಂಗಿ ಮಗಳು ಕೂಗಿದ್ಳು, "ದೊಡ್ಡವ್ವ, ನಿನಗೂ ಒಂದ ಡಾಕ್ಟರೇಟ್ ಬರಬೇಕಿತ್ತು ನೋಡು. ನಿನ್ನ ಪುಸ್ತಕ ಓದಾಕ ಮಾತ್ರ ಯಾರಿಗೂ ಪುರಸೊತ್ತ ಇರಂಗಿಲ್ಲ."

ಸುರಪುರದ ಸರ್

ಎರಡನೇ ವಿಚಾರಣಿಗಿ ಸುರಪುರಕ್ಕ ಹೋದೆ. ಬಸ್ ಸ್ಟ್ಯಾಂಡ್ ಹತ್ರ ಆನ್‌ಲೈನ್ ಅರ್ಜಿ ತುಂಬೋ ಅಂಗಡಿ ಅದ. ಅದರ ಮಾಲಕ ಕಂಪ್ಯೂಟರ್‌ದಾಗ ಡಾಕ್ಟರೇಟ್ ಮುಗಸ್ಯಾನ. ಮುಂಜಾನಿ ಕಾಲೇಜಿನಾಗ ಪಾಠ, ಮಧ್ಯಾಹ್ನ ಅರ್ಜಿ. ರೇಷನ್ ಕಾರ್ಡಿಗಿ ಬಂದ ಮುದುಕ್ಯಾರ ಪಾಳಿ ಹೊರಗಿನತನ ಇತ್ತು. ನಾ ಪಾಳಿ ತಪ್ಪಿಸಿ ಮುಂದ ಹೋಗಿ ನಿಂತೆ.

"ಸರ್, ಒಂದ ಮಾತ. ಡಾಕ್ಟರೇಟ್ ಮಾಡಿದ್ರಿಂದ ನಿಮಗ ಏನರ ಆತೇನ್ರಿ?"

ಆತ ಟೈಪ್ ಮಾಡೋದು ನಿಲ್ಲಸಲಿಲ್ಲ. "ಆಗ್ಯಾದಲ್ಲರಿ. ಮೊದಲ 'ಏ ತಮ್ಮಾ, ಜಲ್ದಿ ತುಂಬು' ಅಂತಿದ್ರು. ಈಗ 'ಸರ್, ಜಲ್ದಿ ತುಂಬ್ರಿ' ಅಂತಾರ."

ನಾ ನಕ್ಕೆ. ಆತ ನಗಲಿಲ್ಲ. "ಯಾಕ ಕೇಳಾಕತ್ತೀರಿ?" ಅಂದ. ಹುಡುಗಿ ವಿಷಯ ಹೇಳಿದೆ. ಆತ ಆಗ ಕೈ ನಿಲ್ಲಿಸಿದ. "ಅರ್ಧಕ್ಕ ಬಿಡಬ್ಯಾಡ ಅಂತ ಹೇಳ್ರಿ. ಮುಗಿಸಿ ಇದು ಬೇಕಿಲ್ಲ ಅಂದ್ರ ಮಂದಿ ಕೇಳ್ತಾರ. ಮುಗಿಸಲಾರದ ಬೇಕಿಲ್ಲ ಅಂದ್ರ ಮಂದಿ ನಗ್ತಾರ. ಕಿಮ್ಮತ್ತು ಆಮ್ಯಾಲಿಂದು."

ಮನಿಗಿ ಬಂದು ಸುಮ್ಮ ಎರಡೂ ಮಾತು ಇಬ್ರಿಗೂ ಹೇಳಿದ್ರ ಆಗ್ತಿತ್ತು. ಆದ್ರ ಯಾರಿಗಿ ಯಾವ್ದು ಹಿಡಸ್ತದ ಅಂತ ನೋಡಿ ಹೇಳೋ ರೂಢಿ ನಂದು. ಮಾಸ್ತರ ಎದುರಿಗಿ, "ಯಾದಗಿರ್ಯಾಗ ಕೇಳಿದೆರಿ, ಡಾಕ್ಟರೇಟ್ ಯಾರೂ ಕೇಳಂಗಿಲ್ಲಂತ" ಅಂದೆ. ಹಿತ್ತಲದಾಗ ಅವ್ರ ಹೆಂಡ್ತಿಗಿ, "ಸುರಪುರದಾಗ ಕೇಳಿದೆ, ಬಿಟ್ರ ಮಂದಿ ನಗ್ತಾರಂತ" ಅಂದೆ. ಸಂಜಿಮುಂದ ಗ್ವಾಡಿ ಆ ಕಡಿಯಿಂದ ಗಂಡ ಹೆಂಡ್ತಿ ಜಗಳ ಕೇಳಿಸ್ತು.

"ಬಾಜೂ ಮನ್ಯಾಕಿ ಖುದ್ದು ಕೇಳಿ ಬಂದಾಳ, ಇದಕ್ಕ ಕಿಮ್ಮತ್ತಿಲ್ಲ."

"ನನಗೂ ಬಾಜೂ ಮನ್ಯಾಕಿನ ಹೇಳ್ಯಾಳ, ಬಿಡಬಾರದಂತ."

ಅಷ್ಟೊತ್ತಿಗಿ ನಾ ಬಾಗಲ ಹಾಕ್ಕೊಂಡಿದ್ದೆ.

ಹುಡುಗಿನ ಕಡಿಗಿ ತೀರ್ಮಾನ ಮಾಡಿದ್ಳು. "ಉಗಾದಿತನ ಟೈಮ್ ಕೊಡ್ರಿ. ಅಷ್ಟರಾಗ ಪುಸ್ತಕ ಬರದು ಕೊಟ್ರ ಸರಿ. ಆಗ್ಲಿಲ್ಲಂದ್ರ ಬಿಟ್ಟು ನೌಕರಿಗಿ ಹೋಗ್ತೀನಿ." ಮಾಸ್ತರು ಒಪ್ಪಿದ್ರು.

ಹೆಣಮಕ್ಕಳ ಮೀಟಿಂಗ್

ಮಷೀನಿಗಿ ಕಲಸಾಕ ಮಾತು ಬೇಕಲ್ಲ. ಅದೂ ಹೆಣಮಕ್ಕಳ ಮಾತು. ಒಬ್ಬೊಬ್ರು ಮೊಬೈಲ್ ಮುಂದ ಕುಂತು ಒಂದ ತಾಸು ತಮಗ ತಿಳದಂಗ ಮಾತಾಡಬೇಕು. ಮಾತಾಡಿದಾಕಿಗಿ ಒಂದ ಸ್ಟೀಲ್ ಡಬ್ಬಿ. ಡಬ್ಬಿ ಅಂದ್ರ ಅಂಥಿಂಥದ್ದಲ್ರಿ, ದಪ್ಪ ತಗಡು, ಎರಡ ಸೇರು ಹಿಟ್ಟು ಹಿಡಿಯೋವು.

ಇಪ್ಪತ್ತ ಮಂದಿನ ಹುಡುಗಿ ತಾನ ಊರೂರು ತಿರಗಿ ಮಾತಾಡ್ಸಿದ್ಳು. ಒಂಬತ್ತ ಮಂದಿ ಕಡಿಮಿ ಬಿದ್ರು. "ಅತ್ತಿ, ನಿಮ್ಮ ಮಾತಿಗಿ ಇಲ್ಲ ಅನ್ನೋರು ಯಾರಿದ್ದಾರ?" ಅಂತ ಒಂದ ಮೊಬೈಲು, ಒಂಬತ್ತ ಡಬ್ಬಿ ನನ್ನ ಕೈಯಾಗ ಕೊಟ್ಟು, ಹೆಸರು ಊರು ಬರದು ಗುಂಡಿ ಒತ್ತೋದು ಕಲಿಸಿ ಮಾಳಗಿ ಹತ್ತಿದ್ಳು.

ಮೊದಲ ನಾನ ಕುಂತೆ. ಒಂದ ತಾಸು ಅಂದಿದ್ಳು, ಎರಡಾತು. ಮರುದಿನ ಹಿಟ್ಟಿನ ಗಿರಣಿಯಾಕಿ ಬರ್ತೀನಿ ಅಂದಿದ್ಳು. ಆಕಿ ಹೆಸರು ಬರದು ಇಟ್ಕೊಂಡು ಕಾದೆ. ಹತ್ತಿ ಬಿಡಸೋ ಟೈಮು. ಗಿರಣಿ ಬಂದ್ ಮಾಡಿ ಆಕಿನೂ ದೋರನಹಳ್ಳಿ ಕಡಿ ಹೊಲಕ್ಕ ಆಟೋ ಹತ್ತಿ ಹೋಗ್ಯಾಳ. ಓಣ್ಯಾಗ ಒಂದ ಹೆಣಮಗಳಿಲ್ಲ. ಬರದ ಹೆಸರು ಅಳಸಾಕ ನನಗ ಬರಂಗಿಲ್ಲ. ಗುಂಡಿ ಒತ್ತಿಬಿಟ್ಟಿದ್ದೆ, ಮೊಬೈಲ್ ಕಾಯಾಕತ್ತಿತ್ತು.

ಗಿರಣಿಯಾಕಿ ಮಾತು ನನಗೇನ್ ಹೊಸದೇನ್ರಿ. ದಿನಾ ಕೇಳ್ತೀನಿ. ಧ್ವನಿ ಸ್ವಲ್ಪ ದಪ್ಪ ಮಾಡಿ, ನಡುನಡುವ ಕೆಮ್ಮಿ, ಆಕಿಯಂಗ ಮಾತಾಡಿದೆ. ಎಷ್ಟ ಚಲೋ ಬಂತಂದ್ರ ನನಗ ಒಂದ ಕ್ಷಣ ಗಿರಣಿ ಪಟ್ಟಾ ಸಪ್ಪಳ ಕೇಳಿಸ್ದಂಗಾತು.

ಆಮ್ಯಾಲ ಕೈ ನಿಲ್ಲಲಿಲ್ಲ. ಬಳಿ ತೊಡಸೋ ಬಳಿಯಾಕಿ, ಹಾಲು ಹಾಕೋ ಹಾಲಿನಾಕಿ, ಇಬ್ರದೂ ನಾನ ಮಾತಾಡಿದೆ. ಓಣಿ ಮಂದಿ ಮುಗದ ಮ್ಯಾಲ ಇನ್ನೂ ಐದ ಡಬ್ಬಿ ಉಳಿದ್ವು. ಗೋಗಿ ಊರಿನ ಮುದುಕಿ ಅಂತ ಒಬ್ಬಾಕಿನ ಹುಟ್ಟಿಸಿದೆ, ಗಲ್ಲದಾಗ ಎಲಿ ಅಡಕಿ ಇಟ್ಕೊಂಡು. ದೋರನಹಳ್ಳಿ ಹೊಸ ಸೊಸಿ, ಸೆರಗು ಬಾಯಾಗ ಹಿಡ್ಕೊಂಡು. ಗುರುಮಠಕಲ್ಲಿನಾಕಿ, ನಡುವ ನಾಕ ತೆಲುಗು ಮಾತು ಹಾಕಿ. ಉಳದಿಬ್ರು ಅಕ್ಕ ತಂಗಿ. ಅವ್ರಿಬ್ರಿಗೂ ಹೊಂದಿಕಿ ಇದ್ದಿಲ್ಲ, ಯಾಕಂದ್ರ ಅಕ್ಕನ ಸೀರಿ ತಂಗಿ ಉಟ್ಟಿದ್ಳು. ತಂಗಿ ಸರದಿ ಬಂದಾಗ ನನಗ ಅಕ್ಕನ ಮ್ಯಾಲ ಖರೇನ ಸಿಟ್ಟ ಬಂದಿತ್ತು.

ಕಡಿ ದಿನ ಮುಗಿಸಿ ಬಾಗಲ ತೆರದ್ರ ನನ್ನ ಗಂಡ ಬಿಸಲಾಗ ಕಟ್ಟಿ ಮ್ಯಾಲ ಕುಂತಾನ. ಬುತ್ತಿ ಗಂಟು ತೊಡಿ ಮ್ಯಾಲ ಅದ.

"ಒಳಗ ಬರಬೇಕಿಲ್ಲೇನು?" ಅಂದೆ.

"ಹ್ಯಾಂಗ ಬರ್ಲಿ? ಒಳಗ ಹೆಣಮಕ್ಕಳ ಮೀಟಿಂಗ್ ನಡದಿತ್ತಲ್ಲ. ಅದರಾಗ ಅಕ್ಕ ತಂಗಿ ಜಗಳ ಬ್ಯಾರೆ." ಅಂದು ಒಳಗ ಹಣಿಕಿ ಹಾಕಿ ನೋಡಿದ. "ಎಲ್ಲಾರೂ ಹಿತ್ತಲ ಬಾಗಲಿಂದ ಹೋದ್ರೇನು?"

ಮಷೀನಿಗಿ ಹತ್ತಿದ ಚಟ

ಸಂಕ್ರಾಂತಿ ಮುಗದ ಮ್ಯಾಲ ಹುಡುಗಿ ಮಷೀನಿಗಿ ಮಾತು ಕಲಸಿದ್ಳು. ಪಾಠ ಆದ ಮ್ಯಾಲ ಪರೀಕ್ಷಾ ಮಾಡಬೇಕಲ್ಲ, ಮಾಸ್ತರನ್ನ ಕುಂದ್ರಿಸಿದ್ಳು. ನಾನೂ ಹೋಗಿ ನಿಂತಿದ್ದೆ. ಮಾಸ್ತರು ಭಾಳ ಸಾವಕಾಶ ಮಾತಾಡೋರು. "ಈ ವರ್ಷ ತೊಗರಿ ಚಲೋ ಬಂದಾದ" ಅಂದು ಉಸಿರು ತಗೊಳ್ಳಾಕ ನಿಂತ್ರು.

ಮಷೀನು ತೊಗರಿ ಮಾತು ಬರೋಬರ್ ಬರಕೊಂಡ್ತು. ಮಾಸ್ತರು ಸುಮ್ಮನಿದ್ದ ಜಾಗಾದಾಗ ತಾನ ಮುಂದ ಬರೀತು: "ನನಗ್ಯಾಕ ಬೇಕವ್ವ ಮಂದಿ ಸುದ್ದಿ, ಆದ್ರೂ ಹೇಳ್ತೀನಿ."

ಮಾಸ್ತರು ಕನ್ನಡಕ ತಗದು ಒರಸಿ ಮತ್ತ ಹಾಕ್ಕೊಂಡು ಓದಿದ್ರು. "ಇದನ್ನ ನಾ ಅಂದಿಲ್ಲಲ್ಲವ್ವ."

"ಇನ್ನೊಮ್ಮಿ ಮಾತಾಡ್ರಿ ಅಪ್ಪಾ."

ಮಾಸ್ತರು ಬ್ಯಾಂಕ್ ಬಗ್ಗಿ ಏನೋ ಅಂದ್ರು. ನಡುವ ಕೆಮ್ಮಿದ್ರು. ಕೆಮ್ಮಿದಲ್ಲಿ ಮತ್ತ ಅದ: "ನನಗ್ಯಾಕ ಬೇಕವ್ವ ಮಂದಿ ಸುದ್ದಿ." ಯಾರ ಮಾತಾಡ್ಲಿ, ಎಲ್ಲಿ ಉಸಿರು ಬಿಡ್ಲಿ, ಎಲ್ಲಿ ತೊದಲ್ಲಿ, ಮಷೀನು ಬಿಟ್ಟ ಜಾಗಾದಾಗ ಚಾಡಿ ತುಂಬಾಕತ್ತಿತ್ತು. ಹಾಲಿನ ಲೆಕ್ಕ ಹೇಳಿದ್ರೂ ಕಡಿಗಿ ಯಾರದೋ ಸೊಸಿ ವಿಷಯಕ್ಕ ಬರ್ತಿತ್ತು.

ನನ್ನ ಗಂಡ ಅಲ್ಲೇ ನಿಂತಿದ್ದ. ಬಗ್ಗಿ ಕಂಪ್ಯೂಟರ್ ನೋಡಿ, ಆಮ್ಯಾಲ ನನ್ನ ನೋಡಿ, "ಈ ಮಷೀನ್ ನಮ್ಮ ಮನ್ಯಾಗೊಂದು ಅದ" ಅಂದ. ನಾ ಅಂವನ ಕಾಲು ತುಳದೆ.

ಹುಡುಗಿ ಮಾರಿ ಸಣ್ಣದಾತು. ಮುಂದ ಇಪ್ಪತ್ತ ದಿನ ಮಾಳಗಿ ಇಳೀಲಿಲ್ಲ. ರೊಟ್ಟಿ ತಗೊಂಡು ಹೋದ್ರ ರೊಟ್ಟಿ ಹಂಗ ಒಣಗ್ತಿತ್ತು. ಮಾಸ್ತರು ಕಂಪನಿ ಪತ್ರ ತಗದು ಟೇಬಲ್ ಮ್ಯಾಲ ಇಟ್ರು. "ಉಗಾದಿ ದೂರಿಲ್ಲ. ಆಗದಿದ್ದದ್ದು ಆಗ್ಲಿಲ್ಲ, ಬಿಡು. ಡಾಕ್ಟರೇಟ್ ಇಲ್ಲಂದ್ರೂ ನಡೀತದ ಅಂತ ಅಂದಾರಲ್ಲ." ಆಕಿ ಒಂದ ಮಾತಂದ್ಳು, "ಕಂಪನಿಗಿ ನಡೀತದಪ್ಪಾ. ಇದು ಯಾಕ ಹಿಂಗಾತು ಅಂತ ಗೊತ್ತಾಗಲಾರದ ನನಗ ನಡಿಯಂಗಿಲ್ಲ."

ಯಾಕಾತು ಅಂತ ಇಡೀ ಶಹಾಪುರದಾಗ ಗೊತ್ತಿದ್ದಾಕಿ ಒಬ್ಬಾಕಿನ. ಇಪ್ಪತ್ತ ಹೆಣಮಕ್ಕಳು ಹತ್ತ ಹತ್ತ ನಿಮಿಷ ಮಾತಾಡಿ ನಾಚಿ ಎದ್ದು ಹೋಗಿದ್ರು. ನನ್ನ ಒಂಬತ್ತು ಮಂದಿ ಮಾತ್ರ ತಾಸಗಟ್ಟಲೆ ಮಾತಾಡಿದ್ರು. ಮಷೀನು ಕಲತದ್ದು ಯಾದಗಿರಿ ಮಾತಲ್ಲ, ನನ್ನ ಚಟ. ಮಂದಿ ಗುಟ್ಟು ಒಂದ ಹಗಲು ಇಟ್ಕೊಳ್ಳಲಾರದಾಕಿ, ನಂದ ಗುಟ್ಟು ಇಪ್ಪತ್ತ ದಿನ ಇಟ್ಕೊಂಡೆ. ಅಷ್ಟ ದಿನದಾಗ ಎರಡ ಕೇಜಿ ಇಳದೆ. ನೋಡಿದವ್ರು, "ಏನವ್ವ, ಯೋಗಾ ಮಾಡಾಕತ್ತೀಯೇನು?" ಅಂತ ಕೇಳಿದ್ರು.

ಹಾಜರಿ

ಇಪ್ಪತ್ತೊಂದನೇ ದಿನ ಮಾಳಗಿ ಹತ್ತಿದೆ. "ಯವ್ವಾ, ನನಗ್ಯಾಕ ಬೇಕು, ಆದ್ರೂ ಹೇಳ್ತೀನಿ" ಅಂತ ಬಾಯಿಗಿ ಬಂತು. ನನ್ನ ಮಾತು ನನಗ ಕೇಳಿ ನಾಲಿಗಿ ಕಡ್ಕೊಂಡೆ.

ಹುಡುಗಿ ಕಂಪ್ಯೂಟರ್ ನನ್ನ ಕಡಿ ತಿರಿಗಿಸಿದ್ಳು. ಪರದಾದ ಮ್ಯಾಲ ಚುಕ್ಕಿ ಚುಕ್ಕಿ ಇದ್ವು, ಹಸನ ಮಾಡೋ ಮೊರದಾಗ ಜ್ವಾಳ ಚೆಲ್ಲಿದಂಗ.

"ಒಂದ ಚುಕ್ಕಿ ಅಂದ್ರ ಒಬ್ರ ಧ್ವನಿ ಅತ್ತಿ. ಬ್ಯಾರೆ ಬ್ಯಾರೆ ಮಂದಿ ದೂರ ದೂರ ಇರ್ತಾರ. ಈ ಮೂಲ್ಯಾಗ ನೋಡ್ರಿ."

ಮೂಲ್ಯಾಗ ಒಂಬತ್ತು ಚುಕ್ಕಿ ಒಂದರ ಮ್ಯಾಲೊಂದು ಕುಂತಿದ್ವು.

"ಗಿರಣಿಯಾಕಿ, ಗೋಗಿ ಮುದುಕಿ, ಗುರುಮಠಕಲ್ಲಿನಾಕಿ, ಎಲ್ಲಾರದೂ ಒಂದ ಬಾಯಿ."

"ಯಾವಾಗ ಗೊತ್ತಾತು?"

"ವಾರ ಆತು."

"ಮತ್ಯಾಕ ಕೇಳಲಿಲ್ಲ?"

"ನಿಮ್ಮ ಹೊಟ್ಟ್ಯಾಗ ಒಂದ ಸುದ್ದಿ ಎಷ್ಟ ದಿನ ನಿಂದ್ರತದ ಅಂತ ನೋಡಬೇಕಿತ್ತು" ಅಂದ್ಳು. ಸಿಟ್ಟಿಲ್ಲ. ಕಣ್ಣಾಗ ಒಂದ ಥರ ಹೊಳಪು, ಕಳದ ಸೂಜಿ ಸಿಕ್ಕವ್ರಂಗ. "ಅತ್ತಿ, ಇದನ್ನ ಬಿಡಂಗಿಲ್ಲ ನಾ. ಒಬ್ರ ಒಂಬತ್ತ ಮಂದಿ ಆದ್ರ ಮಷೀನ್ ಹ್ಯಾಂಗ ಕೆಡ್ತದ, ಹ್ಯಾಂಗ ಹಿಡಿಬೇಕು, ಅದನ್ನ ಬರೀತೀನಿ. ನೀವು ಯಾವ ಧ್ವನಿ ಹ್ಯಾಂಗ ಮಾಡಿದ್ರಿ, ಎಲ್ಲಾ ಹೇಳಬೇಕು. ಆದ್ರ ಇನ್ನೂ ಟೈಮ್ ಬೇಕು. ಅಪ್ಪ ಒಪ್ಪಂಗಿಲ್ಲ."

"ನನ್ನ ಹೆಸರು ಹೇಳು, ಒಪ್ತಾರ."

"ಅದು ನೀವ ಹೇಳಬೇಕು."

ಮಾಸ್ತರು ಕೆಳಗ ಪೇಪರ್ ಓದಾಕತ್ತಿದ್ರು. ಆರನೇತ್ತದಾಗ ಬೆತ್ತಕ್ಕ ಅಂಜಿ ಹ್ಯಾಂಗ ನಿಂದರ್ತಿದ್ದೆನೋ ಹಂಗ ನಿಂತು ಎಲ್ಲಾ ಹೇಳಿದೆ. ಡಬ್ಬಿ ಸಮೇತ ಹೇಳಿದೆ. "ಆಕಿ ತಪ್ಪಿಲ್ರಿ, ಟೈಮ್ ತಿಂದದ್ದು ನಾನು. ಆಕಿ ಟೈಮ್ ಆಕಿಗಿ ಕೊಡ್ರಿ" ಅಂದೆ.

ಅವ್ರು ಪೇಪರ್ ಮಡಚಿ ಇಟ್ರು. ಆಮ್ಯಾಲ ಸಾವಕಾಶ ಅಂದ್ರು, "ಆರನೇತ್ತದಾಗ ನಾ ಹಾಜರಿ ಕೂಗಿದ್ರ, ಹೊಲಕ್ಕ ಹೋದ ನಿನ್ನ ಗೆಳತೇರ ಹೆಸರಿಗೂ ನೀನ ಧ್ವನಿ ಬದಲಿ ಮಾಡಿ 'ಬಂದೀನ್ರಿ' ಅಂತಿದ್ದಿ. ನನಗೇನ್ ಗೊತ್ತಿದ್ದಿಲ್ಲ ಅಂತ ಮಾಡೀದಿ?"

ಬೆತ್ತದ ಏಟಿಗಿ ಚಾಚಿದಂಗ ನನ್ನ ಕೈ ತಾನ ಮುಂದ ಹೋತು.

"ಆಕಿಗಿ ಶ್ರಾವಣತನ ಟೈಮ್ ಕೊಟ್ಟೆ" ಅಂದು ಪೇಪರ್ ಮತ್ತ ಬಿಚ್ಚಿದ್ರು. "ಸಾಲಿ ಬಿಟ್ಟಿ, ಹಾಜರಿ ಹಾಕೋದು ಬಿಡಲಿಲ್ಲ ನೋಡು."

ಹಿಡಿ ಹಿಟ್ಟು

ಹುಡುಗಿ ಕಂಪನಿಗಿ ಬರದ್ಳು, ಉಗಾದಿಗಿ ಬರಾಕ ಆಗಂಗಿಲ್ಲ, ಹಿಂಗಿಂಗ ಆಗ್ಯಾದ ಅಂತ. ಪತ್ರ ವಾಪಸ್ ತಗೋತಾರ ಅಂತ ಮನಿ ಮಂದಿಯೆಲ್ಲ ಅಂಜಿದ್ರು. ಅಲ್ಲಿಯ ದೊಡ್ಡ ಮೇಡಂ ಉತ್ತರ ಬರದ್ಳು: ನಿನ್ನ ಡಾಕ್ಟರೇಟಿನ ಕೊನಿ ಪರೀಕ್ಷಾ ಯಾವಾಗ ಹೇಳು, ನಾನೂ ಕೇಳ್ತೀನಿ. ಒಳ್ಳೇದಕ್ಕೋ ಕೆಟ್ಟದ್ದಕ್ಕೋ ಯಾರಿಗೂ ತಿಳೀಲಿಲ್ಲ.

ಶ್ರಾವಣದಾಗ ಪರೀಕ್ಷಾ ಆತು. ಪುಸ್ತಕ ಓದಿದ ದೊಡ್ಡ ಪ್ರೊಫೆಸರ್ ಬ್ಯಾರೆ ಊರಾಗ ಕುಂತು ಕಂಪ್ಯೂಟರ್‌ದಾಗ ಪ್ರಶ್ನಿ ಕೇಳೋದು, ಹುಡುಗಿ ಇಲ್ಲಿಂದ ಉತ್ತರ ಹೇಳೋದು. ಯಾರ ಬೇಕಾದ್ರೂ ಕೇಳಬಹುದಂತ. ಅದಕ್ಕ ಓಣ್ಯಾಗಿನವ್ರೆಲ್ಲ ಮಾಸ್ತರ ಮನಿ ಪಡಸಾಲ್ಯಾಗ ಚಾಪಿ ಹಾಸ್ಕೊಂಡು ಕುಂತ್ರು. ಗಿರಣಿಯಾಕಿ ಮುಂದ, ಬಳಿಯಾಕಿ ಬಾಜೂ, ಹಾಲಿನಾಕಿ ಕಂಬಕ್ಕ ಒರಗಿ. ನಾ ಹಿಂದ, ಬಾಗಲ ಹತ್ರ. ಪುಸ್ತಕದಾಗ ನನ್ನ ಹೆಸರಿಲ್ಲ, 'ಒಬ್ಬ ಮಾತುಗಾರ್ತಿ' ಅಂತ ಅಷ್ಟ ಅದ ಅಂತ ಹುಡುಗಿ ಹೇಳಿದ್ಳು. ಅದಕ್ಕ ಧೈರ್ಯದಿಂದ ಕುಂತಿದ್ದೆ.

ಪ್ರೊಫೆಸರ್ ಒಂದ ತಾಸು ಕೇಳಿದ್ರು. ಹುಡುಗಿ ಒಂದಕ್ಕೂ ತಡವರಿಸಲಿಲ್ಲ. ಕಡಿಗಿ ಅವ್ರಂದ್ರು, "ಈ ಒಂಬತ್ತು ಧ್ವನಿ ಒಬ್ಬರದೇ ಅಂತ ನೀವು ಹೇಳ್ತೀರಿ. ನಂಬೋದು ಕಷ್ಟ. ನಿಮ್ಮ ಇಡೀ ಪುಸ್ತಕ ಇದರ ಮೇಲೆ ನಿಂತಿದೆ. ಒಂದನ್ನಾದರೂ ಕೇಳಿಸಿ."

ಹುಡುಗಿ ಕೈ ಕಂಪ್ಯೂಟರ್ ಮ್ಯಾಲ ನಿಂತಬಿಡ್ತು. ಒಮ್ಮಿ ನನ್ನ ಕಡಿ ನೋಡಿದ್ಳು. ಕೇಳಿಸಿದ್ರ ನನ್ನ ಮರ್ಯಾದಿ ಹೋಗ್ತದ. ಕೇಳಿಸಲಿಲ್ಲಂದ್ರ ಆಕಿ ನಾಕ ವರ್ಷ ಹೋಗ್ತಾವ. ನಾ ತಲಿ ಅಲ್ಲಾಡಿಸಿದೆ, ಹಚ್ಚು ಅಂತ.

ದಪ್ಪ ಧ್ವನಿ ಬಂತು. ನಡುವ ಕೆಮ್ಮು. "ನಾ ಹಿಟ್ಟಿನ ಗಿರಣಿಯಾಕಿ ಮಾತಾಡಾಕತ್ತೀನಿ. ಮಂದಿ ಜ್ವಾಳ ಬೀಸುವಾಗ ಎಲ್ಲಾರ ಹಿಟ್ಟಿನಾಗೂ ಒಂದ ಹಿಡಿ ತಗದಿಟ್ಕೊತೀನಿ. ಯಾರಿಗೂ ಹೇಳಬ್ಯಾಡ್ರಿ."

ಪಡಸಾಲ್ಯಾಗಿನವ್ರೆಲ್ಲ ಗಿರಣಿಯಾಕಿ ಮಾರಿ ನೋಡಿದ್ರು.

ಗಿರಣಿಯಾಕಿ ಎದ್ದು ನಿಂತಳು. "ನಾ ಯಾವಾಗ ಹೇಳಿದೆ ಇದನ್ನ?"

"ಹೇಳಿಲ್ಲ, ಆದ್ರ ತಗೋತಿಯಲ್ಲ" ಅಂದ್ಳು ಬಳಿಯಾಕಿ.

"ಬಳೆಯವರದೂ ಒಂದಿದೆಯಲ್ಲ, ಅದನ್ನೂ ಹಾಕಿ" ಅಂದ್ರು ಪ್ರೊಫೆಸರ್. ಅವ್ರಿಗಿ ರುಚಿ ಹತ್ತಿತ್ತು. ಬಳಿಯಾಕಿ ಧ್ವನ್ಯಾಗ ನಾ ಹಾಲಿನಾಕಿ ನೀರಿನ ಬಗ್ಗಿ ಹೇಳಿದ್ದೆ. ಹಾಲಿನಾಕಿ ಧ್ವನ್ಯಾಗ ಬಳಿಯಾಕಿ ಮಾರೋ ಬಿರುಕು ಗಾಜಿನ ಬಗ್ಗಿ ಹೇಳಿದ್ದೆ. ಎರಡೂ ಬಂದ್ವು. ಎಲ್ಲಾ ತಲಿ ಒಂದೊಂದ ಬಾಗಲ ಕಡಿ ತಿರಗಿದ್ವು.

"ಆ ಮಾತುಗಾರ್ತಿ ಅಲ್ಲೇ ಇದ್ದಾರಾ?" ಅಂತ ಪ್ರೊಫೆಸರ್ ಕೇಳಿದ್ರು.

ನನ್ನ ಗಂಡ ಕಂಪ್ಯೂಟರ್ ಎತ್ತಿ ನನ್ನ ಮಾರಿ ಮುಂದ ಹಿಡದ. ಬ್ಯಾರೆ ಕೆಲಸಕ್ಕ ಕರದ್ರ ಏಳಂಗಿಲ್ಲ ಅಂವ.

"ಯಾಕಮ್ಮ ಹೀಗೆ ಮಾಡಿದ್ರಿ?"

"ಡಬ್ಬಿ ಚಲೋ ಇದ್ವುರಿ" ಅಂದೆ.

ಪ್ರೊಫೆಸರ್ ನಕ್ಕ ನಗಿಗಿ ಕನ್ನಡಕ ಜಾರ್ತು. ಒರಸ್ಕೊಂಡು ಅಂದ್ರು, "ಈಗ ನಂಬಿದೆ. ಪದವಿ ಕೊಡಬಹುದು ಅಂತ ಬರೀತೀನಿ."

ಹುಡುಗಿ ಅವ್ವ ಅಳಾಕ ಸುರು ಮಾಡಿದ್ಳು. ಆಗ ಕಂಪ್ಯೂಟರ್ ಮೂಲ್ಯಾಗಿಂದ ಕಂಪನಿ ಮೇಡಂ ಮಾತಾಡಿದ್ಳು. ಅವ್ರೂ ಹಳ್ಳಿ ಹಳ್ಳ್ಯಾಗ ಮಂದಿ ಮಾತು ತುಂಬಿಸ್ಕೊತಾರಂತ. ಅವ್ರ ಮಷೀನೂ ಎರಡ ವರ್ಷದಿಂದ ಹಿಂಗ ಹುಚ್ಚುಚ್ಚರ ಮಾತಾಡಾಕತ್ತದಂತ, ಯಾಕಂತ ಒಬ್ರಿಗೂ ತಿಳದಿಲ್ಲಂತ. "ನಿಮ್ಮೂರಾಗ ಕುಂತ ಕೆಲಸ ಮಾಡು, ಇಲ್ಲಿಗಿ ಬರೋದು ಬ್ಯಾಡ. ನಮಗೆಷ್ಟು ಮಾತುಗಾರ್ತ್ಯಾರು ಮೋಸ ಮಾಡ್ಯಾರ ಹುಡುಕಿ ಕೊಡು" ಅಂದ್ಳು.

ಮಾಸ್ತರು ಎದ್ದು ಕಂಪ್ಯೂಟರ್ ಮುಂದ ಬಂದ್ರು. "ಮೇಡಂ, ಒಂದ ಪ್ರಶ್ನಿ. ಡಾಕ್ಟರೇಟ್ ಆತಂತ ತಗೊಂಡ್ರೋ, ಇರದಿದ್ರೂ ತಗೋತಿದ್ರೋ?"

"ಸರ್ಟಿಫಿಕೇಟ್ ನಾವು ಕೇಳಂಗಿಲ್ರಿ. ಉಗಾದಿಗಿ ಬಂದಿದ್ರ ಕೆಲಸಕ್ಕ ಒಬ್ಬಾಕಿ ಬಂದ್ಳು ಅಂತಿದ್ವಿ. ಯಾಕ ಕೆಡ್ತು ಅಂತ ಬಿಡದ ಕುಂತಳಲ್ಲ, ಈಗ ಆ ಕೆಲಸಕ್ಕ ಆಕಿನ ಮುಖ್ಯಸ್ಥಿ."

ಮಾಸ್ತರು ಹೆಂಡ್ತಿ ಕಡಿ ತಿರಗಿದ್ರು. ಹೆಂಡ್ತಿ ಮಾಸ್ತರ ಕಡಿ ತಿರಗಿದ್ಳು. ಇಬ್ರೂ ಒಮ್ಮಿಗೆ ಅಂದ್ರು, "ನಾ ಹೇಳಿರಲಿಲ್ಲ?"

ಪೇಡೆ ಹಂಚಿದ್ರು. ನಾ ಪೇಡೆ ಬಾಯಾಗ ಇಟ್ಕೊಂಡು ಮೆಲ್ಲಕ ಮನಿಗಿ ಬಂದೆ. ಹಿಂದನ ಸಾಲು ಹಚ್ಚಿ ಬಂದ್ರು. ಹಾಲಿನಾಕಿ, "ನನ್ನ ಹೆಸರಿನ ಡಬ್ಬಿ" ಅಂದ್ಳು, ಕೊಟ್ಟೆ. ಬಳಿಯಾಕಿ, "ನಂದು" ಅಂದ್ಳು, ಕೊಟ್ಟೆ. ಗೋಗಿ ಮುದುಕಿ, ಗುರುಮಠಕಲ್ಲಿನಾಕಿ, ಹೊಸ ಸೊಸಿ, ಅಕ್ಕ ತಂಗಿ, ಇವ್ರ ಐದ ಡಬ್ಬಿ ಮಾಸ್ತರ ಹೆಂಡ್ತಿ ತಗೊಂಡ್ಳು. "ಅವ್ರು ಬರೋತನ ನಮ್ಮನ್ಯಾಗ ಇರ್ಲಿ ಅಕ್ಕಾ" ಅಂದ್ಳು.

ಕಡಿಗಿ ಗಿರಣಿಯಾಕಿ. ಆಕಿ ಡಬ್ಬ್ಯಾಗ ನಾ ಜ್ವಾಳದ ಹಿಟ್ಟು ತುಂಬಿಟ್ಟಿದ್ದೆ, ಆಕಿ ಗಿರಣ್ಯಾಗ ಬೀಸಿದ್ದ. ಸುರುವಿ ಕೊಡ್ತೀನಿ ಅಂತ ಕೈ ಚಾಚಿದೆ. ಆಕಿ ಡಬ್ಬಿ ಬಿಡಲಿಲ್ಲ. ಮುಚ್ಚಳ ತಗದು ಒಳಗ ನೋಡಿದ್ಳು. ಒಂದ ಹಿಡಿ ಹಿಟ್ಟು ತಗದು ನನ್ನ ಅಂಗೈಯಾಗ ಇಟ್ಳು, ನನ್ನ ಬೆರಳು ತಾನ ಮಡಚಿದ್ಳು. ಮುಚ್ಚಳ ಹಾಕಿ ಉಳದ ಹಿಟ್ಟು ಡಬ್ಬಿ ಸಮೇತ ಕಂಕಳಾಗ ಹಿಡ್ಕೊಂಡು ಹೊಂಟ್ಳು. ಹೊಸ್ತಿಲ ದಾಟಿ ಹೊಳ್ಳಿ ನೋಡಿ, ನಾ ಆಕಿಯಂಗ ಕೆಮ್ಮಿದ್ನಲ್ಲ, ಥೇಟ್ ಹಂಗ ಕೆಮ್ಮಿ ಅಂದ್ಳು:

"ಯಾರಿಗೂ ಹೇಳಬ್ಯಾಡ."